ಮೆಟ್ಟುಗತ್ತಿಯ ಮುಂದೆ ಜಪಾನಿ

ನಲವತ್ತಾರು ವರ್ಷಕ್ಕೆ ಹೊಸ ಭಾಷೆ ಕಲಿಯುತ್ತೇನೆ ಅಂದರೆ ನಮ್ಮ ಕಡೆಯವರು ಮೊದಲು ಕೇಳುವುದು ಒಂದೇ ಮಾತು. "ಎಂತಕ್ಕೆ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ತೀರ್ಥಹಳ್ಳಿ ಪೇಟೆಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಕನ್ನಡ ಟೈಪ್ ಮಾಡುವುದೇ ಕೆಲಸ. ತಹಶೀಲ್ದಾರರಿಗೆ ಅರ್ಜಿ, ಗೃಹಪ್ರವೇಶದ ಕಾಗದ, ಯಕ್ಷಗಾನದ ಕರಪತ್ರ. ಪರದೇಶಕ್ಕೆ ಹೋಗುವ ಯೋಚನೆ ಇಲ್ಲ, ಪಾಸ್‌ಪೋರ್ಟೂ ಇಲ್ಲ. ಮಗಳು ಶಿವಮೊಗ್ಗದ ಹಾಸ್ಟೆಲ್ ಸೇರಿದ ಮೇಲೆ ರಾತ್ರಿ ಊಟ ಆದ ನಂತರ ಒಂದು ಗಂಟೆ ಸುಮ್ನೆ ಉಳಿಯತೊಡಗಿತು. ಸೀರಿಯಲ್ ನೋಡಲು ಮನೆಯಲ್ಲಿ ಅತ್ತೆ ಇದ್ದಾರೆ. ಆ ಕೆಲಸಕ್ಕೆ ಇಬ್ಬರು ಯಾಕೆ, ಅಲ್ವಾ?

ಯಾವ ಭಾಷೆ ಅನ್ನುವುದು ಮಗಳ ಪಾಲಿಗೆ ಪ್ರಶ್ನೆಯೇ ಅಲ್ಲ. ಅವಳು ನರ್ಸಿಂಗ್ ಕೊನೆ ವರ್ಷ. ಜರ್ಮನಿಗೆ ಹೋಗಬೇಕು ಅಂತ ಗಟ್ಟಿ ಮಾಡಿಕೊಂಡಿದ್ದಾಳೆ. ಅಲ್ಲಿ ನರ್ಸ್ ಆಗಿ ಪೂರ್ತಿ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಎ1, ಎ2, ಬಿ1 ಹತ್ತಿದ ಮೇಲೆ ಸಿಗುವ ನಾಲ್ಕನೇ ಮೆಟ್ಟಿಲು ಅದು. "ಅಮ್ಮ, ನೀನೂ ಶುರು ಮಾಡು. ಫೋನಲ್ಲಿ ಇಬ್ಬರೂ ಜರ್ಮನ್ನಲ್ಲೇ ಮಾತಾಡಬಹುದು, ಅಜ್ಜಿಗೆ ಗೊತ್ತಾಗಲ್ಲ" ಅಂದಳು. ಆಸೆ ಹುಟ್ಟಿಸುವ ಮಾತೇ.

ಜರ್ಮನ್ನರ ಋಣವೂ ನನ್ನ ಮೇಲೆ ಇದೆ. ಅಂಗಡಿಯಲ್ಲಿ ಯಾವುದಾದರೂ ಶಬ್ದದ ಬಗ್ಗೆ ಜಗಳ ಎದ್ದರೆ ಕೊನೆಗೆ ತೀರ್ಪು ಹೇಳುವುದು ಕಿಟ್ಟೆಲ್. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟು, ಸುಮಾರು 70 ಸಾವಿರ ಶಬ್ದ, ಮಾಡಿದವರು ಬಾಸೆಲ್ ಮಿಷನ್ನಿನ ಒಬ್ಬ ಜರ್ಮನ್ ಪಾದ್ರಿ. ನಮ್ಮ ಹಳೇ ಕೊಟ್ಟಿಗೆಯ ಮಾಡಿನಲ್ಲಿ ಇವತ್ತಿಗೂ ಬಾಸೆಲ್ ಮಿಷನ್ ಅಚ್ಚಿನ ಹೆಂಚುಗಳಿವೆ. ಅದೇ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಿದ್ದರು. ಶಬ್ದಕ್ಕೂ ಅವರೇ, ಸೂರಿಗೂ ಅವರೇ. ಇಷ್ಟಾದರೂ ನನ್ನ ಜರ್ಮನ್ ಎರಡು ವಾರಕ್ಕೆ ನಿಂತಿತು. ಮೇಜು ಗಂಡು, ಬಾಗಿಲು ಹೆಣ್ಣು, ಕಿಟಕಿ ಎರಡೂ ಅಲ್ಲ. ಡೆರ್, ಡೀ, ದಾಸ್. ಹೋಗಲಿ ಅಂದರೆ ಹುಡುಗಿ ಅನ್ನುವ ಶಬ್ದವೂ ನಪುಂಸಕವಂತೆ! ನಗುವ ಹಾಗೂ ಇಲ್ಲ ಬಿಡಿ, ನನ್ನ ಹವ್ಯಕ ಗೆಳತಿಯರ ಮನೆಯಲ್ಲಿ ಹೆಂಗಸರ ಬಗ್ಗೆ "ಅದು ಬಂತು" ಅಂತಲೇ ಹೇಳುವುದು. ಆದರೆ ಮನೆಯ ಒಂದೊಂದು ಸಾಮಾನಿಗೂ ಗಂಡೋ ಹೆಣ್ಣೋ ಅಂತ ಬಾಯಿಪಾಠ ಮಾಡುವುದು ನನ್ನಿಂದ ಆಗಲಿಲ್ಲ.

ಸಾಗರದಲ್ಲಿರುವ ಅಣ್ಣನದು ಬೇರೆಯೇ ಹಟ. ಅವನಿಗೆ ಕೆಳದಿ, ಇಕ್ಕೇರಿ ಅಂದರೆ ಹುಚ್ಚು. "ಇಟಾಲಿಯನ್ ಕಲಿ" ಅಂದ. ಯಾಕೆ ಅಂದರೆ 1623ರಲ್ಲಿ ಪಿಯೆತ್ರೊ ದೆಲ್ಲಾ ವಲ್ಲೆ ಅನ್ನುವ ರೋಮ್ ನಗರದ ಪ್ರವಾಸಿ, ಗೋವಾದ ಪೋರ್ಚುಗೀಸ್ ರಾಯಭಾರಿಯ ಜೊತೆ ಘಟ್ಟ ಹತ್ತಿ ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಬಂದಿದ್ದ. ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ನಾಲ್ಕು ಹುಡುಗರು ನೆಲದ ಮೇಲೆ ನುಣ್ಣನೆ ಮರಳು ಹರಡಿಕೊಂಡು, ಬೆರಳಲ್ಲಿ ಲೆಕ್ಕ ಬರೆಯುತ್ತ, ಒಟ್ಟಿಗೆ ರಾಗವಾಗಿ ಹೇಳಿಕೊಳ್ಳುತ್ತ ಕೂತಿದ್ದರು. ಮೇಷ್ಟ್ರು ಇರಲಿಲ್ಲ. ತಪ್ಪಿದರೆ ತಿದ್ದುವವರು ಯಾರು ಅಂತ ಇವನು ಕೇಳಿದ್ದಕ್ಕೆ, ನಾಲ್ಕೂ ಜನ ಒಂದೇ ಕಡೆ ತಪ್ಪುವುದು ಎಲ್ಲಾದರೂ ಉಂಟೇ ಅನ್ನುವ ಹಾಗೆ ಹುಡುಗರು ಉತ್ತರ ಕೊಟ್ಟರು. ಅದನ್ನೆಲ್ಲ ಅವನು ಊರಿಗೆ ಕಾಗದ ಬರೆದ. "ಆ ಕಾಗದವನ್ನ ಅವನ ಭಾಷೆಲೇ ಓದಬೇಕು ಕಣೆ" ಅಂತ ಅಣ್ಣ. ಆ ಹುಡುಗರು ನನ್ನ ತಲೆಯಲ್ಲಿ ಉಳಿದುಬಿಟ್ಟರು, ನಿಜ. ಆದರೆ ಇಟಾಲಿಯನ್ ಕಲಿಯಲು ಅದು ಅಣ್ಣನ ಕಾರಣ, ನನ್ನದಲ್ಲ.

ಹೀಗೆ ಇರುವಾಗ ನವೆಂಬರಿನಲ್ಲಿ, ಅಡಿಕೆ ಕೊಯ್ಲಿನ ಹೊತ್ತಿಗೆ, ಪಕ್ಕದ ಮನೆ ಹುಡುಗ ಅಂಗಡಿಗೆ ಬಂದ. "ಅಕ್ಕ, ಇದೊಂದು ಕಲರ್ ಪ್ರಿಂಟ್ ಕೊಡಿ" ಅಂತ ಪೆನ್‌ಡ್ರೈವ್ ಕೊಟ್ಟ. ಅವನು ಬೆಂಗಳೂರಿನಲ್ಲಿ ಜಪಾನಿ ಕ್ಲಾಸಿಗೆ ಹೋಗುತ್ತಿದ್ದಾನೆ. ಜಪಾನಿನವರು 2019ರಿಂದ ಕೊಡುತ್ತಿರುವ ಹೊಸ ಕೆಲಸದ ವೀಸಾದಲ್ಲಿ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಹಿಡಿಯಬೇಕು ಅಂತ ಅವನ ಲೆಕ್ಕ. ಪ್ರಿಂಟ್ ಆಗಿ ಬಂದದ್ದು ಹಿರಗಾನ ಅನ್ನುವ ಅಕ್ಷರಮಾಲೆ, 46 ಅಕ್ಷರ. ಇನ್ನೂ ಬಿಸಿ ಇದ್ದ ಹಾಳೆಯ ಮೇಲೆ ಬೆರಳಿಟ್ಟು ಓದಿ ತೋರಿಸಿದ. ಅ ಇ ಉ ಎ ಒ. ಕ ಕಿ ಕು ಕೆ ಕೊ.

"ನಿಲ್ಲು ಮಾರಾಯ, ಇದು ನಮ್ಮ ಕಾಗುಣಿತ ಅಲ್ವನಾ?"

ಸಾಲುಗಳ ಕ್ರಮವೂ ಕ, ಸ, ತ, ನ, ಹ, ಮ, ಆಮೇಲೆ ಯ, ರ, ವ. ಹಿಂದೆ ಅಲ್ಲಿನ ಬೌದ್ಧ ಸನ್ಯಾಸಿಗಳು ಮಂತ್ರಗಳಿಗಾಗಿ ಸಿದ್ಧಂ ಲಿಪಿ, ಸಂಸ್ಕೃತದ ವರ್ಣಮಾಲೆ ಕಲಿತರು. ಆ ಜೋಡಣೆಯನ್ನೇ ತಮ್ಮ ಅಕ್ಷರಕ್ಕೂ ಹಾಕಿಕೊಂಡರು. ನನಗೆ ತಡೆದದ್ದು ಒಂದು ಕಡೆ. ನ ಆದ ಮೇಲೆ ಪ ಬರಬೇಕಾದ ಜಾಗದಲ್ಲಿ ಹ ಕೂತಿದೆ. ಹುಡುಗನಿಗೆ ಗೊತ್ತಿರಲಿಲ್ಲ. ರಾತ್ರಿ ನಾನೇ ಹುಡುಕಿದೆ. ಹಳೇ ಜಪಾನಿಯಲ್ಲಿ ಅದು ಪಕಾರವೇ ಆಗಿತ್ತಂತೆ, ಬರಬರುತ್ತ ಹ ಆಯಿತು. ಅವರು ಹೂವಿಗೆ ಹನ ಅನ್ನುತ್ತಾರೆ, ಬಹಳ ಹಿಂದೆ ಅದು ಪನ. ನಮ್ಮಲ್ಲೂ ಪೂ ಹೋಗಿ ಹೂ ಆಗಿದ್ದು, ಪಾಲ್ ಹೋಗಿ ಹಾಲು ಆಗಿದ್ದು ಹೀಗೇ ಅಲ್ವಾ? ದಿನಾ ಟೈಪ್ ಮಾಡುವ ತೀರ್ಥಹಳ್ಳಿಯ ಬಾಲದಲ್ಲೇ ಒಂದು ಪಳ್ಳಿ ಅಡಗಿದೆ. ಎಲ್ಲಿಯ ತುಂಗಾ ತೀರ, ಎಲ್ಲಿಯ ಜಪಾನ್. ಯಾರೂ ಯಾರನ್ನೂ ಕೇಳದೆ ಎರಡೂ ಕಡೆ ಬಾಯಿ ಒಂದೇ ತರ ಸಡಿಲವಾಗಿದೆ.

ಆದರೂ ಮನಸ್ಸು ಪೂರ್ತಿ ಆ ಕಡೆ ವಾಲಿದ್ದು ಎರಡು ದಿನ ಬಿಟ್ಟು, ನಮ್ಮ ಮನೆ ಅಂಗಳದಲ್ಲಿ.

ಆವತ್ತು ರಾತ್ರಿ ಅಡಿಕೆ ಸುಲಿಯಲು ಹತ್ತು ಹನ್ನೆರಡು ಜನ ಇದ್ದರು. ಒಂದು ಟ್ಯೂಬ್‌ಲೈಟು, ಕೆಳಗೆ ಸಾಲಾಗಿ ಮೆಟ್ಟುಗತ್ತಿ. ಹಸಿ ಅಡಿಕೆಯನ್ನು ಕತ್ತಿಗೆ ಒತ್ತಿ ಒಂದು ತಿರುವು ತಿರುವಿದರೆ ಸಿಪ್ಪೆ ಬಿಟ್ಟುಕೊಂಡು ಬೆಳ್ಳಗಿನ ಬೇಳೆ ಬಕೆಟ್ಟಿಗೆ ಟಪ್ ಅಂತ ಬೀಳುತ್ತದೆ. ಅನುಭವಸ್ಥರು ಕೈ ನೋಡುವುದೇ ಇಲ್ಲ. ಡಬ್ಬಕ್ಕೆ ಇಷ್ಟು ಅಂತ ಕೂಲಿ, ಹಾಗಾಗಿ ಕೈ ನಿಲ್ಲಿಸುವ ಹಾಗಿಲ್ಲ. ಬಾಯಿಗೆ ಮಾತ್ರ ಬಿಡುವು. ಮೆಷಿನ್ ತರಿಸಿದ ಮನೆಗಳಲ್ಲಿ ಈ ಮಾತುಕತೆಯೇ ಹೋಗಿಬಿಟ್ಟಿದೆ, ನನಗೆ ಅದೊಂದು ಬೇಜಾರು. ಆ ಹುಡುಗನ ತಾಯಿಯೂ ಸುಲಿಯಲು ಬಂದಿದ್ದಳು. ಅವಳಿಗೆ ಮರೆತುಹೋದ ಟಾರ್ಚ್ ಕೊಡಲು ಇವನು ಬಂದ. ಕೊಟ್ಟವನು "ಸರಿ, ಹೋಗ್ತೀನಿ" ಅಂತ ತಿರುಗಿದ.

ಅತ್ತೆ ಬಿಡುತ್ತಾರಾ? "ಹೋಗ್ತೀನಿ ಅನ್ಬಾರ್ದು ಮಾರಾಯ. ಹೋಗಿ ಬರ್ತೀನಿ ಅನ್ನು. ಅಷ್ಟು ಓದಿದ್ದೀಯ, ಇದು ಹೇಳಿಕೊಡಬೇಕಾ?"

ಹುಡುಗ ನಕ್ಕುಬಿಟ್ಟ. "ಅಜ್ಜಿ, ನಮ್ಮ ಜಪಾನಿ ಕ್ಲಾಸಲ್ಲೂ ಇದೇ ಹೇಳಿಕೊಟ್ರು. ಮನೆಯಿಂದ ಹೊರಡುವಾಗ ಅವರು 'ಇತ್ತೆ ಕಿಮಾಸು' ಅಂತಾರೆ. ಇತ್ತೆ ಅಂದ್ರೆ ಹೋಗಿ, ಕಿಮಾಸು ಅಂದ್ರೆ ಬರ್ತೀನಿ. ಮನೇಲಿ ಇರೋರು 'ಇತ್ತೆ ರಶ್ಶೈ' ಅಂತಾರೆ. ಹೋಗಿ ಬಾ."

ಒಂದು ಕ್ಷಣ ಬಕೆಟ್ಟಿನ ಟಪ್ ಟಪ್ ನಿಂತಿತು. ಆಗುಂಬೆ ಘಾಟಿಯ ಕೆಳಗಿಂದ, ಹೆಬ್ರಿ ಕಡೆಯಿಂದ ಬಂದಿದ್ದ ಹೆಂಗಸೊಬ್ಬರು ಮಾತ್ರ ಒಪ್ಪಲಿಲ್ಲ. ತುಳುವಿನಲ್ಲಿ ಇತ್ತೆ ಅಂದರೆ ಈಗ. "ಇತ್ತೆ ಬರ್ಪೆ ಅಂದ್ರೆ ಈಗ ಬರ್ತೇನೆ ಅಂತ. ಇವರದ್ದು ತುಳುವೇ, ಯಾರೋ ಹಡಗಲ್ಲಿ ಹೋದವರು ಕಲಿಸಿದ್ದು" ಅಂತ ಖಡಾಖಂಡಿತ ಹೇಳಿದರು. ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಆಮೇಲೆ ಅವನನ್ನು ಯಾರೂ ಹೋಗಲು ಬಿಡಲಿಲ್ಲ. ಅತ್ತೆ ಒಳಗಿಂದ ಹಲಸಿನ ಹಪ್ಪಳ ತಂದು "ತಿಂದು ನೋಡು, ಈ ಸಲ ಖಾರ ಜಾಸ್ತಿ ಆಗಿದೆ" ಅಂದರು. ಇದಕ್ಕೆ ಏನಂತಾರೆ ಅಂತ ನಾನು ಕೇಳಿದೆ. "ತಬೆತೆ ಮಿತೆ" ಅಂದ. ತಬೆತೆ, ತಿಂದು. ಮಿತೆ, ನೋಡು. ಹಪ್ಪಳವನ್ನು ಕಣ್ಣಿನಿಂದ ನೋಡುವುದಲ್ಲ, ರುಚಿ ಪರೀಕ್ಷೆ ಮಾಡುವುದು. ಅವರಿಗೂ ಅಲ್ಲಿ ನೋಡುವ ಕ್ರಿಯಾಪದವೇ ಬೇಕು! ಅವನ ತಾಯಿ "ತಿಂದುಬಿಟ್ಟೆ?" ಅಂದಳು. ತಬೆತೆ ಶಿಮತ್ತಾ, ತಿಂದುಬಿಟ್ಟೆ. ನಾಳೆಗೆ ಅಂತ ಮೊದಲೇ ಮಾಡಿಡುವುದಕ್ಕೆ? ಶಿತೆ ಒಕು. ಶಿತೆ ಅಂದರೆ ಮಾಡಿ, ಒಕು ಅಂದರೆ ಇಡು. ಒಬ್ಬೊಬ್ಬರೂ ಒಂದೊಂದು ಮಾತು ಎಸೆಯುವುದು, ಅವನು ಹಿಡಿದು ತಿರುಗಿ ಎಸೆಯುವುದು. "ಬರ್ತೀನಿ ಅಂತ ಹೇಳಿದ" ಅನ್ನುವಲ್ಲಿ ನಮ್ಮ 'ಅಂತ' ಕೂರುವ ಜಾಗದಲ್ಲೇ ಅವರದ್ದೊಂದು 'ತೊ' ಕೂರುತ್ತದೆ.

"ಕ್ಲಾಸಲ್ಲಿ ಇಂಗ್ಲಿಷಲ್ಲಿ ಹೇಳಿಕೊಡ್ತಾರೆ ಅಕ್ಕ, ಅದಕ್ಕೇ ತಲೆ ಕೆಡೋದು" ಅಂದ ಹುಡುಗ. "ಹಿಂದಿನಿಂದ ಮುಂದಕ್ಕೆ ಮಗುಚಿ ಹಾಕಬೇಕು. ಕನ್ನಡದಲ್ಲಿ ಯೋಚನೆ ಮಾಡಿದ್ರೆ ಸೀದಾ ಹೋಗ್ತದೆ."

ಇದು ನನ್ನ ಮನಸ್ಸಿಗೆ ನಾಟಿತು. ನಾನು ಇಷ್ಟು ದಿನ ಹೊರಗಿನ ಭಾಷೆ ಅಂದರೆ ಇಂಗ್ಲಿಷ್ ಬಾಗಿಲಿನಿಂದಲೇ ಹೋಗಬೇಕು ಅಂದುಕೊಂಡಿದ್ದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಇಲ್ಲಿ ನೋಡಿದರೆ ಎಸ್ಸೆಸ್ಸೆಲ್ಸಿಯೂ ಮುಟ್ಟದ ಹೆಂಗಸರು ಅಡಿಕೆ ಸುಲಿಯುತ್ತ ಕನ್ನಡದ ಹಿತ್ತಿಲ ಬಾಗಿಲಿನಿಂದ ಸೀದಾ ಒಳಗೆ ಹೋಗಿ ಕೂತಿದ್ದಾರೆ. ಒಬ್ಬರು ತಪ್ಪು ಹೇಳಿದರೆ ಇನ್ನೊಬ್ಬರು ತಿದ್ದುತ್ತಿದ್ದಾರೆ. ಅಣ್ಣನ ಆ ನಾಲ್ಕು ಹುಡುಗರು ನೆನಪಾದರು. ಮರಳಿನ ಬದಲು ಅಡಿಕೆ ಸಿಪ್ಪೆ, ಅಷ್ಟೇ.

ಹಾಗಂತ ಜಪಾನಿ ನಮ್ಮ ನೆಂಟರ ಭಾಷೆ ಅಂತ ನಾನು ಹೇಳುವುದಿಲ್ಲ. ಸುಸುಮು ಓನೊ ಅನ್ನುವ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ಸಂಬಂಧ ಇದೆ ಅಂತ ವಾದ ಹೂಡಿದ್ದರು. ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಅದನ್ನು ಒಪ್ಪಿಲ್ಲ. ನನಗೆ ನೆಂಟಸ್ತಿಕೆ ಬೇಡ. ದೂರದ ಊರಿನ ಬಸ್ಸಿನಲ್ಲಿ ಪಕ್ಕ ಕೂತವರು ನಮ್ಮ ಹಾಗೇ ಬಾಳೆ ಎಲೆಯಲ್ಲಿ ಬುತ್ತಿ ಕಟ್ಟಿಕೊಂಡು ಬಂದಿದ್ದರೆ ಒಂದು ಖುಷಿ ಆಗುತ್ತದಲ್ಲ, ಅದು ಸಾಕು.

ಮಳೆಯ ಶಬ್ದಗಳು ಬೇರೆ ಇವೆ. ಆಗುಂಬೆ ಪಕ್ಕದಲ್ಲಿ ಹುಟ್ಟಿ ಬೆಳೆದವಳಿಗೆ ಇದು ಬಿಡಲಾಗದ ಆಸೆ. ನಮ್ಮ ಜಿಟಿಜಿಟಿ ಮಳೆಗೆ ಅವರು ಶಿತೊ ಶಿತೊ ಅನ್ನುತ್ತಾರೆ. ಧೋ ಅಂತ ಸುರಿದರೆ ಜಾ ಜಾ. ಗುಡುಗಿದರೆ ಗೊರೊ ಗೊರೊ. ಎದೆ ಡವಡವ ಅಂದರೆ ದೊಕಿ ದೊಕಿ. ಇಂಥ ಜೋಡಿ ಶಬ್ದಗಳು ಅವರಲ್ಲಿ ರಾಶಿ ರಾಶಿ ಇವೆ. ಇಂಥದ್ದನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ, ಒಂದು ಸಲ ಕೇಳಿದರೆ ಕಿವಿಯೇ ಇಟ್ಟುಕೊಳ್ಳುತ್ತದೆ.

ಕಷ್ಟ ಇಲ್ಲವೇ? ಇದೆ. ಹಿರಗಾನ ಮುಗಿದರೆ ಕತಕಾನ ಅನ್ನುವ ಇನ್ನೊಂದು ಅಕ್ಷರಮಾಲೆ. ಅದಾದ ಮೇಲೆ ಚೀನಾದಿಂದ ಬಂದ ಕಾಂಜಿ ಅನ್ನುವ ಅಕ್ಷರಗಳು. ಸರ್ಕಾರದ ಪಟ್ಟಿಯಲ್ಲಿ ದಿನಬಳಕೆಗೆ ಅಂತಲೇ 2136 ಇವೆ. ಕಾಗುಣಿತ, ಒತ್ತಕ್ಷರ ಕೂಡಿಸಿ ಏನು ಬೇಕಾದರೂ ಬರೆಯುವ ನಮಗೆ ಒಂದೊಂದು ಶಬ್ದಕ್ಕೆ ಒಂದೊಂದು ಚಿತ್ರ ಅಂದರೆ ಉಸಿರು ಕಟ್ಟುತ್ತದೆ. ಅವರಲ್ಲಿ ಲ ಇಲ್ಲ, ಳ ಅಂತೂ ಕೇಳಲೇಬೇಡಿ. ನಮ್ಮೂರಿನ ಹೆಸರನ್ನು ಕತಕಾನದಲ್ಲಿ ಬರೆದು ಹುಡುಗನಿಂದ ಓದಿಸಿದೆ. "ತಿರುತಹರಿ" ಅಂದ. ದೇವರ ಹೆಸರಿನ ಹಾಗೆ ಕೇಳಿತು, ಪರವಾಗಿಲ್ಲ. ಜಪಾನಿ ಭಾಷೆಯ ಪರೀಕ್ಷೆಯಲ್ಲಿ ಐದು ಮಟ್ಟ. ಎಲ್ಲಕ್ಕಿಂತ ಕೆಳಗಿನದು ಎನ್5. ನನ್ನ ಕಣ್ಣು ಸದ್ಯಕ್ಕೆ ಅದರ ಮೇಲೂ ಇಲ್ಲ.

ಮಗಳಿಗೆ ಹೇಳುವುದೇ ಕಷ್ಟ ಆಯಿತು. ಭಾನುವಾರ ಫೋನಿನಲ್ಲಿ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದಳು. "ನಾನು ಹೋಗೋದು ಜರ್ಮನಿಗೆ, ನೀನು ಕಲಿಯೋದು ಜಪಾನಿ. ಚೆನ್ನಾಗಿದೆ ಅಮ್ಮ" ಅಂದಳು. ದನಿಯಲ್ಲಿ ಮುನಿಸು ಇತ್ತು. ನನಗೂ ಚುರುಕ್ ಅಂತು. ಆದರೆ ಅವಳಿಗೆ ಜರ್ಮನ್ ಅನ್ನ ಕೊಡುವ ಭಾಷೆ. ಅವಳ ಓಟಕ್ಕೆ ನಾನು ಜೊತೆ ಓಡಲು ಹೋದರೆ ಅವಳ ಕಾಲಿಗೇ ಸಿಕ್ಕುತ್ತೇನೆ. ಇದನ್ನೆಲ್ಲ ಫೋನಿನಲ್ಲಿ ಹೇಳಲಿಲ್ಲ. ಹೊರಡುವಾಗ ಜಪಾನಿಯವರು ಏನು ಹೇಳುತ್ತಾರೆ ಅನ್ನುವುದನ್ನು ಮಾತ್ರ ಹೇಳಿದೆ. ಅವಳು ಎರಡು ಸಲ ಹೇಳಿಸಿಕೊಂಡಳು. ಈಗ ಫೋನ್ ಇಡುವಾಗ ಜರ್ಮನ್ನಿನ 'ಚ್ಯೂಸ್' ಹೇಳಿ, ಹಿಂದೆಯೇ ಒಂದು "ಇತ್ತೆ ಕಿಮಾಸು" ಸೇರಿಸುತ್ತಾಳೆ.

ಮನೆಯಲ್ಲಿ ಅಭ್ಯಾಸಕ್ಕೆ ಸಿಗುವುದು ನಮ್ಮ ಯಜಮಾನರೊಬ್ಬರೇ. ಮೊನ್ನೆ ಬೆಳಿಗ್ಗೆ ಅವರು ಪೇಟೆಗೆ ಹೊರಟು ಬೈಕ್ ಸ್ಟಾರ್ಟ್ ಮಾಡಿದ್ದರು. ಕೊತ್ತಂಬರಿ ಸೊಪ್ಪು ಮುಗಿದಿತ್ತು. ಕೊಂಡು ಬನ್ನಿ ಅನ್ನುವುದನ್ನು ಹಿಂದಿನ ರಾತ್ರಿಯಷ್ಟೇ ಕಲಿತಿದ್ದೆ. ಕೊಂಡು ಅಂದರೆ ಕತ್ತೆ, ಬಾ ಅಂದರೆ ಕಿತೆ. ಜಗಲಿಯಿಂದಲೇ ಕೂಗಿದೆ, "ಕೊತ್ತಂಬರಿ ಸೊಪ್ಪು ಕತ್ತೆ ಕಿತೆ!"

ಬೈಕ್ ಗಕ್ಕನೆ ನಿಂತಿತು. ಅಕ್ಕಿ ಆರಿಸುತ್ತಿದ್ದ ಅತ್ತೆ ಮೊರ ಕೆಳಗಿಟ್ಟು ನನ್ನನ್ನೇ ನೋಡಿದರು.

"ಎಂತ ಸಿಟ್ಟಿದ್ರೂ ಬೆಳಿಗ್ಗೆ ಬೆಳಿಗ್ಗೆ ಗಂಡನ್ನ ಕತ್ತೆ ಅನ್ಬಾರ್ದು ಮಾರಾಯ್ತಿ. ಹೋಗಿ ಬನ್ನಿ ಅನ್ನು."