ಒಂದು ಹಲ್ಲು ಜಾಸ್ತಿ

ರಾತ್ರಿ ಒಂಬತ್ತಾಯಿತು ಅಂದರೆ ನಮ್ಮನೆಯಲ್ಲಿ ಜಗಳ ಶುರು. ಮಗ ಒಂಬತ್ತನೇ ಕ್ಲಾಸು. ನಮ್ಮನೆಯವರಿಗೆ ಬೆಂಗಳೂರಲ್ಲಿ ಕೆಲಸ, ಸಾಗರದ ಮನೆಯಲ್ಲಿ ಇರೋದು ನಾವಿಬ್ಬರೇ. "ಸಾಕು, ಆಫ್ ಮಾಡೋ" ಅಂತ ನಾನು, "ಐದೇ ನಿಮಿಷ ಅಮ್ಮಾ" ಅಂತ ಅವನು. ಆ ಐದು ನಿಮಿಷ ಹನ್ನೊಂದರವರೆಗೂ ಎಳೆಯುತ್ತಿತ್ತು. ಕೊನೆಗೆ ನಾನು ಕೂಗುವುದು, ಅವನು ತಟ್ಟೆ ಮುಂದೆ ಮುಖ ಊದಿಸಿಕೊಂಡು ಕೂರುವುದು. ಅವನು ಗೇಮ್ ಆಡುತ್ತಾನೆ ಅನ್ನೋದಕ್ಕಿಂತ, ದಿನದ ಕೊನೆಯ ಮಾತು ಬೈಗುಳವೇ ಆಗಿಬಿಡ್ತಲ್ಲ ಅಂತ ನನಗೆ ಜಾಸ್ತಿ ಸಂಕಟ ಆಗುತ್ತಿತ್ತು.

ಮೊದಲು ಹೊತ್ತು ಮುಗಿದ ಮೇಲೆ ಕಂಪ್ಯೂಟರ್ ಲಾಕ್ ಮಾಡುವ ಒಂದು ಸಾಫ್ಟ್‌ವೇರ್ ಹಾಕಿಸಿದ್ದೆ. ಕಂಪ್ಯೂಟರಿನ ಗಡಿಯಾರ ಹಿಂದಕ್ಕೆ ತಿರುಗಿಸಿದರೆ ಅದು ಮೋಸ ಹೋಗುತ್ತದೆ ಅಂತ ಎರಡೇ ದಿನದಲ್ಲಿ ಕಂಡುಹಿಡಿದ.

ಆಮೇಲೆ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಟೈಮರ್ ಸಾಕೆಟ್ ತಂದೆ. "ಮೀನಿನ ತೊಟ್ಟಿ ಲೈಟಿಗಾ ಮೇಡಂ?" ಅಂತ ಕೇಳಿದರು. ಸುಮ್ನೆ ಹೂಂ ಅಂದೆ. ಅಂಗೈಯಷ್ಟು ದೊಡ್ಡದು, ಗೋಡೆಯ ಸಾಕೆಟ್ಟಿಗೆ ಇದನ್ನು ಸಿಕ್ಕಿಸಿ, ಇದರೊಳಗೆ ನಮ್ಮ ಪ್ಲಗ್ ಸಿಕ್ಕಿಸಬೇಕು. ಮುಂದೆ 24 ಗಂಟೆಯ ಚಕ್ರ. ಅದರ ಸುತ್ತ 96 ಪುಟ್ಟ ಹಲ್ಲುಗಳು, ಒಂದು ಹಲ್ಲಿಗೆ 15 ನಿಮಿಷ. ಒತ್ತಿದ ಹಲ್ಲುಗಳ ಹೊತ್ತಲ್ಲಿ ಕರೆಂಟ್ ಬರುತ್ತದೆ, ಉಳಿದ ಹೊತ್ತು ಇಲ್ಲ. ಇದರಲ್ಲಿ ಪಾಸ್‌ವರ್ಡ್ ಇಲ್ಲ, ಆಪ್ ಇಲ್ಲ.

ಕಂಪ್ಯೂಟರಿನ ಎಲ್ಲ ಪ್ಲಗ್ಗೂ ಸೇರುವ ಎಕ್ಸ್‌ಟೆನ್ಷನ್ ಬೋರ್ಡನ್ನೇ ಅದಕ್ಕೆ ಸಿಕ್ಕಿಸಬೇಕು ಅಂತಿದ್ದೆ. ಪುಣ್ಯಕ್ಕೆ ಮೊದಲು ತಮ್ಮನಿಗೆ ಫೋನ್ ಮಾಡಿದೆ. "ಅಕ್ಕಾ, ಸಿಪಿಯುಗೆ ಹಾಗೆ ಮಾಡಬೇಡ, ಏನೋ ಬರೆದುಕೊಳ್ಳುತ್ತಿರುವಾಗ ಥಟ್ಟನೆ ಕರೆಂಟ್ ಹೋದರೆ ಫೈಲ್ ಕೆಡುತ್ತೆ. ಮಾನಿಟರಿಗೆ ಮಾತ್ರ ಹಾಕು" ಅಂದ. ಪರದೆ ಕತ್ತಲಾದರೂ ಸಿಪಿಯು ಓಡುತ್ತಿರುತ್ತದೆ, ಅದರ ಪವರ್ ಬಟನ್ ಒಮ್ಮೆ ಒತ್ತಿದರೆ ತಾನೇ ಸರಿಯಾಗಿ ಶಟ್‌ಡೌನ್ ಆಗುವ ಹಾಗೆ ಸೆಟಿಂಗ್ ಕೂಡ ಹೇಳಿಕೊಟ್ಟ.

ಮಗನಿಗೆ ಗೊತ್ತಾಗದ ಹಾಗೆ ಇದನ್ನು ಹಾಕಲು ನನಗೆ ಮನಸ್ಸಾಗಲಿಲ್ಲ. ಪಕ್ಕದಲ್ಲೇ ಒಂದು ಕೆಂಪು ಸ್ವಿಚ್ಚಿದೆ, ಅದನ್ನು ಸರಿಸಿದರೆ ಟೈಮರ್ ಲೆಕ್ಕಕ್ಕಿಲ್ಲ, ಯಾವಾಗಲೂ ಆನ್. ಅದೂ ಬೇಡ, ಪ್ಲಗ್ ಕಿತ್ತು ಬೇರೆ ಸಾಕೆಟ್ಟಿಗೆ ಹಾಕಿದರೆ ಮುಗೀತು. ಭಾನುವಾರ ಬೆಳಗ್ಗೆ ಅವನನ್ನು ಕೂರಿಸಿಕೊಂಡು ಆ ಕೆಂಪು ಸ್ವಿಚ್ಚನ್ನೂ ತೋರಿಸಿದೆ. "ಹಲ್ಲು ನೀನೇ ಒತ್ತು. ಏಳರಿಂದ ಒಂಬತ್ತು" ಅಂದೆ.

ಅವನು ಚಕ್ರವನ್ನು ಮೊಣಕಾಲ ಮೇಲಿಟ್ಟುಕೊಂಡು ಪೆನ್ನಿನ ತುದಿಯಿಂದ ಒಂದೊಂದಾಗಿ ಒತ್ತಿದ. ಎಂಟು ಹಲ್ಲು ಆಯಿತು. ನಿಲ್ಲಿಸಿ ನನ್ನ ಮುಖ ನೋಡಿದ. "ಅಮ್ಮಾ, ಮ್ಯಾಚ್ ಮಧ್ಯ ಬಿಟ್ಟುಹೋದರೆ ನಮ್ಮ ಟೀಮಿನವರಿಗೆ ತೊಂದರೆ ಆಗುತ್ತೆ. ಇನ್ನೊಂದು ಹಲ್ಲು ಒತ್ಲಾ? ಎಂಟೂವರೆ ಮೇಲೆ ಹೊಸ ಮ್ಯಾಚ್ ಶುರು ಮಾಡಲ್ಲ." ಇಷ್ಟು ದಿನ "ಐದೇ ನಿಮಿಷ" ಅಂದಾಗೆಲ್ಲ ಪರದೆಯ ಆಚೆ ಇನ್ನೂ ನಾಲ್ಕು ಮಕ್ಕಳು ಕಾಯುತ್ತಿದ್ದರು ಅಂತ ನನಗೆ ಹೊಳೆದಿರಲೇ ಇಲ್ಲ. ನಾನೂ ಕೇಳಿರಲಿಲ್ಲ. ಒಂಬತ್ತನೇ ಹಲ್ಲು ಒತ್ತಿಸಿದೆ.

ಮೊದಲ ರಾತ್ರಿ ಒಂಬತ್ತೂಕಾಲಿಗೆ ಟಕ್ ಅಂತ ಒಂದು ಸಣ್ಣ ಸದ್ದು. ಪರದೆ ಕತ್ತಲು. ನಾನು ಅಡುಗೆಮನೆಯಲ್ಲಿ ದೋಸೆ ಹಿಟ್ಟು ಕಲಸುತ್ತಿದ್ದೆ, ಕೈ ಹಾಗೇ ನಿಂತಿತು. ಮಗ ಸಿಪಿಯು ಬಟನ್ ಒತ್ತಿದ ಸದ್ದು ಕೇಳಿಸಿತು. "ಅಮ್ಮಾ, ಸಾರು ಬಿಸಿ ಇದೆಯಾ?" ಅಂದ. ಅವತ್ತು ನಾವಿಬ್ಬರೂ ಮಾತಾಡಿಕೊಂಡು ಊಟ ಮಾಡಿದೆವು.

ಎರಡು ವಾರ ಚೆನ್ನಾಗಿ ನಡೆಯಿತು. ಮಳೆ ಹಿಡಿಯಿತು. ಒಂದು ದಿನ ಸಂಜೆ ಏಳಕ್ಕೆ ಕೂತರೆ ಪರದೆ ಬರಲಿಲ್ಲ. "ನೀನು ಹಲ್ಲು ಎತ್ತಿದೀಯಾ?" ಅಂತ ಕೇಳಿದ, ಕಣ್ಣಲ್ಲಿ ನೀರಿತ್ತು. ಇಲ್ಲಪ್ಪ, ನಾನು ಮುಟ್ಟಿಯೇ ಇಲ್ಲ ಅಂದೆ. ಇಬ್ಬರೂ ಬಗ್ಗಿ ನೋಡಿದೆವು. ಬಾಣದ ಗುರುತು ಮಧ್ಯಾಹ್ನ ಒಂದು ಗಂಟೆ ತೋರಿಸುತ್ತಿತ್ತು! ತುಂಬಾ ಹೊತ್ತು ಅರ್ಥ ಆಗಲಿಲ್ಲ. ಆಮೇಲೆ ಅವನೇ ಹೇಳಿದ: ಚಕ್ರ ತಿರುಗಿಸುವ ಮೋಟರ್ ಓಡುವುದು ಲೈನಿನ ಕರೆಂಟಿನಿಂದಲೇ, ಒಳಗೆ ಬ್ಯಾಟರಿ ಇಲ್ಲ, ನಮ್ಮ ಕಂಪ್ಯೂಟರ್ ಟೇಬಲ್ಲಿನ ಸಾಕೆಟ್ ಯುಪಿಎಸ್ ಲೈನಲ್ಲೂ ಇಲ್ಲ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಲೈನ್ ಕೆಲಸ ಅಂತ ಕರೆಂಟ್ ತೆಗೆದಿದ್ದರು. ಆರು ಗಂಟೆ ಚಕ್ರ ನಿಂತೇ ಇತ್ತು. ಹಾಗೇ ಬಿಟ್ಟಿದ್ದರೆ ರಾತ್ರಿ ಒಂದಕ್ಕೆ ಮಾನಿಟರ್ ಆನ್ ಆಗುತ್ತಿತ್ತು.

ಚಕ್ರವನ್ನು ನಿಧಾನಕ್ಕೆ ಮುಂದಕ್ಕೆ ತಿರುಗಿಸಿ ಏಳಕ್ಕೆ ತಂದ, ಟಕ್ ಅಂದಿತು, ಪರದೆ ಬೆಳಗಿತು.

ಈಗ ಆ ಕೆಲಸ ಅವನದೇ. ಮಲೆನಾಡಿನ ಮಳೆಗಾಲ, ಕರೆಂಟ್ ದಿನಕ್ಕೆ ಮೂರು ಸಲ ಹೋದರೂ ಹೋಯಿತು. ಅಡುಗೆಮನೆ ಕ್ಯಾಲೆಂಡರಿನಲ್ಲಿ ನಾನು ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ, ಕೆಳಗೆ, ಅವನು ಪೆನ್ಸಿಲಿನಲ್ಲಿ ಕರೆಂಟ್ ಹೋದ ಹೊತ್ತು, ಬಂದ ಹೊತ್ತು ಬರೆಯುತ್ತಾನೆ. ಅವನು ಸ್ಕೂಲಲ್ಲಿದ್ದಾಗ ಹೋದರೆ ನಾನು ಬರೆದಿಡುತ್ತೇನೆ. ಸಂಜೆ ಬಂದವನು ಬ್ಯಾಗ್ ಇಟ್ಟು, ಮೊದಲು ಕ್ಯಾಲೆಂಡರ್ ನೋಡಿ, ಚಕ್ರ ಸರಿ ಮಾಡಿ, ಆಮೇಲೆ ಕೈಕಾಲು ತೊಳೆಯಲು ಹೋಗುತ್ತಾನೆ.