ಓಕ್ ತೊಲೆಗೆ ಸಿಮೆಂಟೇ ಶತ್ರು

ಜರ್ಮನಿಯ ಐನ್‌ಬೆಕ್‌ನಲ್ಲಿ ನಾವು ಬಾಡಿಗೆಗಿರುವ ಮನೆಯ ನೆಲ ಬೀದಿಯ ಕಡೆಗೆ ವಾಲಿದೆ. ಕಪಾಟಿನ ಕಾಲಿಗೆ ಮರದ ಚಕ್ಕೆ ಕೊಟ್ಟಿದ್ದೇವೆ. ಒಲೆಯ ಮೇಲಿಟ್ಟ ಹಾಲು ಯಾವಾಗಲೂ ಒಂದೇ ಮಗ್ಗುಲಿನಿಂದ ಉಕ್ಕುತ್ತದೆ. ಊರಿನಿಂದ ವಿಡಿಯೊ ಕರೆ ಮಾಡಿದವರೆಲ್ಲ ಕೇಳುವುದು ಎರಡೇ ಪ್ರಶ್ನೆ: ಇಷ್ಟು ಹಳೆಯ ಮರದ ಮನೆ ಬೀಳುವುದಿಲ್ಲವೇ? ಗೆದ್ದಲು ಹಿಡಿಯುವುದಿಲ್ಲವೇ?

ಗೋಡೆ ಇಲ್ಲಿ ಭಾರ ಹೊರುವುದೇ ಇಲ್ಲ. ಓಕ್ ಮರದ ಕಂಬ, ತೊಲೆ, ಓರೆಗಟ್ಟುಗಳನ್ನು ಒಂದರ ತೂತಿಗೆ ಇನ್ನೊಂದರ ನಾಲಗೆ ಕೂಡಿಸಿ, ಮರದ ಗೂಟ ಬಡಿದು ಬಿಗಿದ ಚೌಕಟ್ಟೇ ಮನೆ. ನಡುವಿನ ಖಾನೆಗಳಿಗೆ ಕಡ್ಡಿ ಹೆಣೆದು, ಹುಲ್ಲು ಕಲಸಿದ ಜೇಡಿಮಣ್ಣು ಮೆತ್ತುತ್ತಾರೆ.

1540ರ ಬೇಸಿಗೆಯಲ್ಲಿ ಈ ಊರು ಹೆಚ್ಚುಕಡಿಮೆ ಪೂರ್ತಿ ಸುಟ್ಟುಹೋಯಿತು. ಆಮೇಲೆ ಎದ್ದ ಮನೆಗಳು ಟೀಡೆಕ್ಸರ್ ಬೀದಿಯ ಉದ್ದಕ್ಕೂ ಸಾಲಾಗಿ ನಿಂತಿವೆ. ದುಡ್ಡು ಬಂದದ್ದು ಬಿಯರ್‌ನಿಂದ. ಬಿಯರ್ ಕುದಿಸುವ ಹಂಡೆ ಇಡೀ ಊರಿಗೆ ಸೇರಿದ್ದು; ಬಿಯರ್ ಮಾಡುವ ಹಕ್ಕಿದ್ದವರ ಮನೆಗೆ ಸರದಿಯಂತೆ ಬರುತ್ತಿತ್ತು. ಅದು ಒಳಗೆ ಹೋಗಬೇಕೆಂದೇ ಬಾಗಿಲಿಗೆ ಅಷ್ಟು ದೊಡ್ಡ ಕಮಾನು.

ಇಟಲಿಯಿಂದ ಹಬ್ಬಿದ ರೆನೈಸಾನ್ಸ್ ಅಭಿರುಚಿ ಇಲ್ಲಿನ ಬಡಗಿಯ ಕಟ್ಟುವ ಕ್ರಮವನ್ನು ಅಷ್ಟಾಗಿ ಬದಲಿಸಲಿಲ್ಲ. ಚೌಕಟ್ಟು ಅವನ ಅಜ್ಜನ ಕಾಲದ್ದೇ. ಹೊಸತನವೆಲ್ಲ ಉಳಿಯ ತುದಿಯಲ್ಲಿ. ನಮ್ಮ ಎದುರು ಮನೆಯ ಪ್ರತಿ ಕಂಬದ ಬುಡದಲ್ಲೂ ಬೀಸಣಿಗೆಯಂತೆ ಬಿಚ್ಚಿಕೊಂಡ ಅರ್ಧ ಹೂವಿದೆ. ಹತ್ತಿರ ಹೋಗಿ ನೋಡಿದರೆ ಆ ಹೂವು ಒಂದೇ ಮರದ್ದಲ್ಲ. ನಡುವಿನ ಎಸಳುಗಳು ಕಂಬದ ಮೇಲೆ, ಅಕ್ಕಪಕ್ಕದವು ಕಂಬ ಅಲುಗದಂತೆ ಎರಡೂ ಕಡೆ ಕೊಟ್ಟ ತ್ರಿಕೋನದ ಆನಿಕೆಗಳ ಮೇಲೆ. ಎಸಳು ಸಂದನ್ನು ದಾಟುವಾಗಲೂ ಗೆರೆ ತಪ್ಪಿಲ್ಲ. ಊರಿನ ಹೆಮ್ಮೆಯಾದ ಐಕೆ ಮನೆ 17ನೇ ಶತಮಾನದ ಆರಂಭದ್ದು. ಅದರ ಮೈತುಂಬ ಗ್ರಹದೇವತೆಗಳು, ಕಲಾದೇವಿಯರು. ಪ್ರವಾಸಿಗಳು ಅದರ ಮುಂದೆ ಸೇರುತ್ತಾರೆ. ನನಗೆ ಹೆಸರಿಲ್ಲದ ಬಡಗಿಯ ಅರ್ಧ ಹೂವೇ ಹೆಚ್ಚು.

ಇನ್ನು ಗೆದ್ದಲು. ಈ ಚಳಿಯ ನಾಡಿನಲ್ಲಿ ಅದರ ಕಾಟವಿಲ್ಲ. ಮರ ಕೊರೆಯುವ ದುಂಬಿ ಇದೆ, ಶಿಲೀಂಧ್ರವಿದೆ. ಎರಡನ್ನೂ ಕರೆತರುವುದು ತೇವ. ಕಳೆದ ಶತಮಾನದಲ್ಲಿ ಮನೆ ಗಟ್ಟಿಯಾಗಲೆಂದು ಅನೇಕರು ಮಣ್ಣಿನ ಖಾನೆಗಳಿಗೆ ಸಿಮೆಂಟ್ ಗಾರೆ ಬಳಿದರು. ಮಣ್ಣು ನೀರು ಹೀರುತ್ತದೆ, ಹಾಗೆಯೇ ಬಿಡುತ್ತದೆ. ಸಿಮೆಂಟ್ ಬಿರುಕಿನಲ್ಲಿ ಇಳಿದ ಮಳೆನೀರು ಮಾತ್ರ ಹೊರಬರಲಾರದೆ ತೊಲೆಯ ಪಕ್ಕದಲ್ಲೇ ಕೂರುತ್ತದೆ. ಪಕ್ಕದ ಮನೆಯಲ್ಲಿ ಆ ಗಾರೆ ಕೆತ್ತಿದಾಗ ಕೆಳಗಿನ ಅಡ್ಡತೊಲೆ ಬೆರಳಿಗೆ ಪುಡಿಯಾಗಿ ಬಂತು. ಬಡಗಿ ಇಡೀ ತೊಲೆಯನ್ನು ಎಸೆಯಲಿಲ್ಲ. ಕೊಳೆತಷ್ಟನ್ನೇ ಕತ್ತರಿಸಿ, ಹಳೆಯ ಓಕ್ ತುಂಡೊಂದನ್ನು ಓರೆಯಾಗಿ ಬೆಸೆದು ಗೂಟ ಹೊಡೆದ. ಬೆಸುಗೆ ಎದ್ದು ಕಾಣುತ್ತದೆ. ಅದನ್ನು ಮರೆಮಾಚುವ ಗೋಜಿಗೆ ಯಾರೂ ಹೋಗಿಲ್ಲ.

ಪೂರ್ತಿ ಹೊಸದಾಗಿ ಕಟ್ಟಿದ್ದನ್ನು ನೋಡಬೇಕೆಂದರೆ ಹಿಲ್ಡೆಸ್‌ಹೈಮ್‌ಗೆ ಹೋಗಬೇಕು. ಅಲ್ಲಿನ ಕಟುಕರ ಸಂಘದ 1529ರ ಭವ್ಯ ಕಟ್ಟಡ 1945ರ ಮಾರ್ಚ್ 22ರ ಬಾಂಬ್ ದಾಳಿಯಲ್ಲಿ ಉರಿದುಹೋಯಿತು. 1960ರ ದಶಕದಲ್ಲಿ ಆ ಜಾಗದಲ್ಲಿ ಹೋಟೆಲೊಂದು ಎದ್ದಿತು. ಜನ ಅದನ್ನೂ ಕೆಡವಿ, ಹಳೆಯ ರೀತಿಯಲ್ಲೇ ಮರದ ಕಟ್ಟಡವನ್ನು 1989ರ ಹೊತ್ತಿಗೆ ಮರಳಿ ನಿಲ್ಲಿಸಿದರು. ಕೈಕೆಲಸ ಬೆರಗು ಹುಟ್ಟಿಸುತ್ತದೆ. ಆದರೂ ನನ್ನ ಓಟು ತೇಪೆ ಹಾಕಿದ ತೊಲೆಗೇ.

ತೇಪೆ ಅಗ್ಗವಲ್ಲ. ಬಾಡಿಗೆಗೆ ಕೊಟ್ಟ ಸಂರಕ್ಷಿತ ಮನೆಯಾದರೆ, ಒಪ್ಪಿಗೆ ಪಡೆದು ಮಾಡಿದ ದುರಸ್ತಿಯ ಖರ್ಚನ್ನು 8 ವರ್ಷ ಶೇ 9ರಂತೆ, ಮುಂದಿನ 4 ವರ್ಷ ಶೇ 7ರಂತೆ ಮಾಲೀಕರು ತೆರಿಗೆ ಕಟ್ಟಬೇಕಾದ ತಮ್ಮ ಆದಾಯದಿಂದ ಕಳೆಯಬಹುದು. ವಿನಾಯಿತಿ ಅವರಿಗೆ, ಸಂದುಬಿಟ್ಟ ಮರದ ಕಿಟಕಿಯ ಚಳಿ ನಮಗೆ!

ಈ ಕಡೆ ಬರುವವರಿದ್ದರೆ ಸೆಪ್ಟೆಂಬರಿನ ಎರಡನೇ ಭಾನುವಾರ ನೋಡಿ ಬನ್ನಿ. ಅಂದು ದೇಶದಾದ್ಯಂತ ಸಂರಕ್ಷಿತ ಕಟ್ಟಡಗಳು ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತವೆ. ಅಟ್ಟ ಹತ್ತಲು ಬಿಟ್ಟರೆ ತೊಲೆಗಳ ಕೂಡುಗಳಲ್ಲಿ ರೋಮನ್ ಅಂಕಿಗಳನ್ನು ಹುಡುಕಿ. ಯಾವ ತುಂಡು ಯಾವುದಕ್ಕೆ ಕೂಡಬೇಕೆಂದು ಬಡಗಿಗಳು ಕೊರೆದಿಟ್ಟ ಗುರುತುಗಳವು.