ಹ್ಯಾವ್‌ಲಾಕ್‌ಗೆ ಹೊರಟಿದ್ದೀರಾ? ಮೊದಲು ಕ್ಯಾಲೆಂಡರ್‌ನಲ್ಲಿ ಹುಣ್ಣಿಮೆ ನೋಡಿ

ರೂಮಿನಲ್ಲಿ ಬ್ಯಾಗ್ ಇಟ್ಟು, ಬಟ್ಟೆ ಬದಲಿಸಿ, ಮಗಳ ಕೈ ಹಿಡ್ಕೊಂಡು ಕಡಲ ಕಡೆ ಓಡಿದೆ. ನೋಡಿದರೆ ಕಡಲೇ ಇಲ್ಲ! ಕಪ್ಪು ಕಲ್ಲು, ಕೆಸರು, ಅಲ್ಲಲ್ಲಿ ಪಾದ ಮುಳುಗುವಷ್ಟು ನೀರು. ಕಟ್ಟಿದ್ದ ದೋಣಿಗಳು ಒಂದು ಪಕ್ಕಕ್ಕೆ ವಾಲಿಕೊಂಡು ಮರಳ ಮೇಲೆ ಮಲಗಿದ್ದವು. ನೀಲಿ ನೀರು ಎಲ್ಲೋ ದೂರದಲ್ಲಿ ಗೆರೆ ಎಳೆದ ಹಾಗೆ ಕಾಣುತ್ತಿತ್ತು. "ಅಪ್ಪಾ, ಸಮುದ್ರ ಎಲ್ಲಿ ಹೋಯ್ತು?" ಅಂತ ಮಗಳು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದು ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದ ವಿಜಯನಗರ ಬೀಚ್. ಫೋಟೋಗಳಲ್ಲಿ ಎಷ್ಟು ಚಂದ ಇದೆ ಅಂದರೆ, ಅದನ್ನು ನೋಡಿಯೇ ನಾವು ಅಲ್ಲಿ ರೂಮ್ ಮಾಡಿದ್ದು. ಫೋಟೋ ಸುಳ್ಳಲ್ಲ. ನಾವು ಹೋದ ಹೊತ್ತು ತಪ್ಪು. ಅವತ್ತು ಹುಣ್ಣಿಮೆ, ಸಂಜೆ ನಾಲ್ಕು ಗಂಟೆ, ಸರಿಯಾಗಿ ಇಳಿತದ ಸಮಯ.

ಸರಿ, ಇಲ್ಲಿ ಆಗಲಿಲ್ಲ, ರಾಧಾನಗರ ಬೀಚ್‌ನಲ್ಲಿ ಸೂರ್ಯಾಸ್ತವನ್ನಾದರೂ ನೋಡೋಣ ಅಂತ ಆಟೋ ಹಿಡಿದೆವು. ದಾರಿಯಲ್ಲಿ ಟೀ ಕುಡಿಯೋಣ ಅಂದಿದ್ದೂ ನಾನೇ. ಬೆಂಗಳೂರಿನಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಮುಳುಗುವುದು ಆರರ ಸುಮಾರಿಗೆ, ಅದೇ ಲೆಕ್ಕ ತಲೆಯಲ್ಲಿ. ನಾವು ತಲುಪಿದ್ದು ಐದೂಕಾಲು ದಾಟಿದ ಮೇಲೆ. ಜನ ಮರಳು ಕೊಡವಿಕೊಂಡು ವಾಪಸ್ ಬರುತ್ತಿದ್ದರು. ಅಂಡಮಾನ್ ನಮಗಿಂತ ಎಷ್ಟೋ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಅಲ್ಲಿ ಸೂರ್ಯ ಸುಮಾರು ಒಂದು ಗಂಟೆ ಮುಂಚೆಯೇ ಮುಳುಗುತ್ತಾನೆ. ಶಾಲೆಯಲ್ಲಿ ಓದಿದ್ದೇ, ಅಲ್ವಾ? ಆಟೋದವರು ನಕ್ಕು, "ನಾಳೆ ನಾಲ್ಕಕ್ಕೇ ಇಲ್ಲಿರಿ ಸಾರ್" ಅಂದರು.

ಒಂದೇ ಸಂಜೆ ಎರಡು ಪೆಟ್ಟು ತಿಂದ ಮೇಲೆ ನಮ್ಮ ಪಟ್ಟಿಯನ್ನೇ ಬದಲಿಸಿದೆವು. ಯಾವ ಬೀಚ್ ಅನ್ನುವುದಕ್ಕಿಂತ ಯಾವ ಹೊತ್ತಿಗೆ ಯಾವ ಬೀಚ್ ಅನ್ನುವುದು ಮುಖ್ಯ.

ಮೊದಲು ಹೆಸರುಗಳ ಗೊಂದಲ ಮುಗಿಸಿಬಿಡುತ್ತೇನೆ. ಹ್ಯಾವ್‌ಲಾಕ್‌ಗೆ 2018ರಲ್ಲಿ ಸ್ವರಾಜ್ ದ್ವೀಪ ಅಂತ, ಪಕ್ಕದ ನೀಲ್ ದ್ವೀಪಕ್ಕೆ ಶಹೀದ್ ದ್ವೀಪ ಅಂತ ಹೆಸರಾಯಿತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಆಯಿತು. ಟಿಕೆಟ್‌ನಲ್ಲಿ ಹೊಸ ಹೆಸರು, ಜನರ ಬಾಯಲ್ಲಿ ಹಳೆಯದು. ಎರಡೂ ಗೊತ್ತಿದ್ದರೆ ಜೆಟ್ಟಿಯಲ್ಲಿ ಗಾಬರಿಯಾಗುವುದಿಲ್ಲ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್ ಸುಮಾರು 40 ಕಿ.ಮೀ. ಖಾಸಗಿ ಹಡಗಿನಲ್ಲಿ ಒಂದೂವರೆಯಿಂದ ಎರಡು ಗಂಟೆ. ಸರ್ಕಾರಿ ಹಡಗು ಇನ್ನೂ ನಿಧಾನ, ಆದರೆ ಡೆಕ್ ಮೇಲೆ ಗಾಳಿಗೆ ನಿಲ್ಲಬಹುದು. ಎ.ಸಿ. ಹಡಗಿನಲ್ಲಿ ಮುಚ್ಚಿದ ಕಿಟಕಿಯ ಪಕ್ಕ ಕೂತು ಅಮ್ಮನಿಗೆ ಹೊಟ್ಟೆ ತೊಳಸಿತು. ವಾಂತಿಯ ಮಾತ್ರೆಯನ್ನು ಹಡಗು ಹತ್ತುವ ಮುಂಚೆಯೇ ತಗೊಳ್ಳಿ, ಹತ್ತಿದ ಮೇಲೆ ಅಲ್ಲ.

ಈಗ ಬೀಚ್‌ಗಳ ವಿಷಯ. ಹ್ಯಾವ್‌ಲಾಕ್‌ನಲ್ಲಿ ಒಂದೇ ಬೀಚ್‌ಗೆ ಸಮಯ ಇದೆ ಅಂದರೆ ರಾಧಾನಗರಕ್ಕೆ ಹೋಗಿ, ಎರಡನೇ ಯೋಚನೆ ಬೇಡ. 2004ರಲ್ಲಿ ಟೈಮ್ ಪತ್ರಿಕೆ ಇದನ್ನು ಏಷ್ಯಾದ ಅತ್ಯುತ್ತಮ ಬೀಚ್ ಅಂತ ಕರೆದಿತ್ತು. ನನಗೆ ಇಷ್ಟವಾದ ಕಾರಣ ಬೇರೆ: ಇಲ್ಲಿ ಕಾಲಿಗೆ ಕಲ್ಲು ಸಿಗುವುದಿಲ್ಲ. ಹಿಟ್ಟಿನಂಥ ಮರಳು, ನಿಧಾನವಾಗಿ ಆಳವಾಗುವ ನೀರು. ಇಳಿತವಿದ್ದರೂ ಆಟಕ್ಕೆ ತೊಂದರೆಯಿಲ್ಲ. ಎಲ್ಲರೂ ಹೋಗುವುದು ಸಂಜೆ. ನೀವು ಬೆಳಗ್ಗೆಯೂ ಒಮ್ಮೆ ಹೋಗಿ. ಬೀಚ್ ಪಶ್ಚಿಮಕ್ಕೆ ಮುಖ ಮಾಡಿದೆ, ಬೆನ್ನಿಗೆ ಎತ್ತರದ ಕಾಡು. ಹಾಗಾಗಿ ಬೆಳಗಿನ ಹೊತ್ತು ಮರಳಿನ ಮೇಲೆಲ್ಲ ಮರಗಳ ನೆರಳು. ನಾವು ಏಳಕ್ಕೆ ಹೋದಾಗ ಇನ್ನೂ ನಾಲ್ಕೈದು ಜನ ಇದ್ದರು, ಅಷ್ಟೇ. ಅಮ್ಮ ಸೀರೆ ಸ್ವಲ್ಪ ಎತ್ತಿ ಹಿಡಿದು ಅರ್ಧ ಗಂಟೆ ಅಲೆಯಲ್ಲೇ ನಿಂತಿದ್ದರು. ಸಂಜೆಯ ಗದ್ದಲದಲ್ಲಿ ಅವರು ನೀರಿಗೆ ಇಳಿಯುತ್ತಲೇ ಇರಲಿಲ್ಲ.

ಒಂದು ಎಚ್ಚರಿಕೆ. 2010ರಲ್ಲಿ ಈ ಬೀಚ್‌ನ ಹತ್ತಿರ ಉಪ್ಪುನೀರಿನ ಮೊಸಳೆಯ ದಾಳಿಗೆ ವಿದೇಶಿ ಪ್ರವಾಸಿಯೊಬ್ಬರು ಬಲಿಯಾಗಿದ್ದರು. ಹೆದರಿ ಪ್ರವಾಸ ಬಿಡಬೇಕಿಲ್ಲ. ಆದರೆ ಎಚ್ಚರಿಕೆಯ ಬೋರ್ಡ್ ಇರುವ ಕಡೆ ನೀರಿಗೆ ಇಳಿಯಬೇಡಿ, ಹಳ್ಳ ಬಂದು ಕಡಲು ಸೇರುವ ಜಾಗದಿಂದ ದೂರ ಇರಿ. ಕತ್ತಲಾಗುತ್ತಿದ್ದ ಹಾಗೆ ಲೈಫ್‌ಗಾರ್ಡ್ ಸೀಟಿ ಊದಿದರೆ ಸುಮ್ನೆ ಹೊರಗೆ ಬನ್ನಿ. "ಐದೇ ನಿಮಿಷ" ಅಂತ ಜಗಳ ತೆಗೆದವರನ್ನು ನೋಡಿ ನನಗೇ ನಾಚಿಕೆಯಾಯಿತು.

ವಿಜಯನಗರದ್ದು ಇದಕ್ಕೆ ತದ್ವಿರುದ್ಧ, ಪೂರಾ ಉಬ್ಬರದ ಬೀಚ್. ಮರುದಿನ ಬೆಳಗ್ಗೆ ಹತ್ತರ ಸುಮಾರಿಗೆ ಹೋದರೆ ನಂಬಲಿಕ್ಕಾಗಲಿಲ್ಲ. ಹಿಂದಿನ ಸಂಜೆ ಕೆಸರಿದ್ದಲ್ಲೆಲ್ಲ ತಿಳಿ ಹಸಿರು ನೀರು. ನೀರಿನ ಕಡೆಗೆ ಬಾಗಿದ ಮರಗಳ ಬುಡಕ್ಕೇ ಅಲೆ ಬಡಿಯುತ್ತಿತ್ತು. ಇಲ್ಲಿ ನಿಮ್ಮ ಮನೆ ಗೋಡೆಯ ಕ್ಯಾಲೆಂಡರ್ ಕೆಲಸಕ್ಕೆ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಈ ಕಡೆ ಹೆಚ್ಚುಕಮ್ಮಿ ಬೆಳಗ್ಗೆ ಹತ್ತಕ್ಕೆ ನೀರು ತುಂಬುತ್ತದೆ, ಸಂಜೆ ನಾಲ್ಕಕ್ಕೆ ಇಳಿಯುತ್ತದೆ, ಅದೂ ತುಂಬಾ ದೂರ. ಆಮೇಲೆ ಈ ಸಮಯ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಲೆಕ್ಕ ಉಲ್ಟಾ: ಬೆಳಗ್ಗೆ ಇಳಿತ, ಮಧ್ಯಾಹ್ನದ ಮೇಲೆ ಉಬ್ಬರ. ಅಂದಾಜಿಗೆ ಇಷ್ಟು ಸಾಕು. ನಿಖರ ಸಮಯ ಹೋಟೆಲ್‌ನವರನ್ನೋ ಡೈವಿಂಗ್ ಅಂಗಡಿಯವರನ್ನೋ ಕೇಳಿ, ಅವರ ದಿನ ನಡೆಯುವುದೇ ಆ ಪಟ್ಟಿಯ ಮೇಲೆ.

ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಕಾಲಾಪತ್ಥರ್. ಪೂರ್ವದ ಕಡೆಗಿದೆ, ಸೂರ್ಯೋದಯಕ್ಕೆ ಹೋಗಿ. ಡಿಸೆಂಬರಿನಲ್ಲಿ ಐದೂವರೆಗೇ ಬೆಳಕು ಹರಿಯುತ್ತದೆ, ಏಳುವ ಮನಸ್ಸಿದ್ದರೆ ಮಾತ್ರ. ನೀರಿಗೆ ಇಳಿಯಲು ಕಲ್ಲು ಜಾಸ್ತಿ.

ಎಲಿಫೆಂಟಾ ಬೀಚ್ ಅಂತ ಕೆಲವರು ಹೇಳುತ್ತಾರೆ. ಅದಲ್ಲ, ಎಲಿಫೆಂಟ್ ಬೀಚ್. ಹವಳ ನೋಡಲು ಸ್ನಾರ್ಕ್ಲಿಂಗ್ (ಮುಖವಾಡ ಹಾಕಿ ತೇಲುತ್ತಾ ನೀರೊಳಗೆ ನೋಡುವುದು) ಮಾಡುವ ಜಾಗ. ಜೆಟ್ಟಿಯಿಂದ ದೋಣಿಯಲ್ಲಿ ಹೋಗಬಹುದು, ಇಲ್ಲದಿದ್ದರೆ ಕಾಡಿನ ದಾರಿ ನಡೆಯಬೇಕು. ಮಳೆ ಬಿದ್ದಿದ್ದರೆ ದಾರಿ ಕೆಸರು. ಅಮ್ಮನ ಮಂಡಿ ನೋಡಿಕೊಂಡು ನಾವು ದೋಣಿ ಹತ್ತಿದೆವು. ಬೆಳಗ್ಗೆ ಬೇಗ ಹೋಗಿ, ನೀರು ಶಾಂತವಾಗಿರುತ್ತದೆ. ಟಿವಿಯಲ್ಲಿ ಕಾಣುವ ಬಣ್ಣ ಮನಸ್ಸಿನಲ್ಲಿ ಇಟ್ಕೊಂಡು ಹೋಗಬೇಡಿ. 2010ರಲ್ಲಿ, ಆಮೇಲೆ 2016ರಲ್ಲಿ ಸಮುದ್ರ ಬಿಸಿಯೇರಿ ಅಂಡಮಾನಿನ ಹವಳ ತುಂಬಾ ಬಿಳಿಚಿಕೊಂಡಿತ್ತು. ಮೀನುಗಳು ಮಾತ್ರ ಬೇಕಾದಷ್ಟು. ಹವಳದ ಮೇಲೆ ಕಾಲಿಡಬೇಡಿ. ಅದು ಜೀವಿ, ಕಲ್ಲಲ್ಲ, ನಿಮ್ಮ ಪಾದವೂ ಕೊಯ್ಯುತ್ತದೆ.

ಅಲ್ಲೇ ಅಮ್ಮ ಒಂದು ಪುಟ್ಟ ಶಂಖ ಹೆಕ್ಕಿ ಅಂಗೈಯಲ್ಲಿಟ್ಟುಕೊಂಡರು, ದೇವರ ಮನೆಗೆ ಅಂತ. ಒಂದು ನಿಮಿಷ ಆಗಿರಲಿಲ್ಲ, ಶಂಖದ ಬಾಯಿಂದ ಸೂಜಿಯಷ್ಟು ಸಣ್ಣ ಎರಡು ಕಾಲು ಹೊರಬಂದವು. ಆಮೇಲೆ ಕಣ್ಣು. ಶಂಖ ಅಮ್ಮನ ಬೆರಳ ಮೇಲೆ ನಡೆಯಲು ಶುರುಮಾಡಿತು! ಒಳಗೆ ಏಡಿ ಮನೆ ಮಾಡಿಕೊಂಡಿತ್ತು. ಅಮ್ಮ "ಅಯ್ಯೋ" ಅಂದು ಮೆಲ್ಲಗೆ ಮರಳಿಗೆ ಬಿಟ್ಟರು. ಏಡಿ ಇಲ್ಲದಿದ್ದರೂ ತರಬೇಡಿ. ಹವಳದ ಚೂರು, ಶಂಖ ಇವನ್ನೆಲ್ಲ ಬೀಚ್‌ನಿಂದ ಒಯ್ಯುವ ಹಾಗಿಲ್ಲ. ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತೆಗೆಸುತ್ತಾರೆ.

ನೀಲ್‌ನಲ್ಲಿ ಒಂದು ರಾತ್ರಿ ಸಾಕು. ಭರತ್‌ಪುರ ಬೀಚ್ ಜೆಟ್ಟಿಯ ಪಕ್ಕದಲ್ಲೇ ಇದೆ, ಉಬ್ಬರದಲ್ಲಿ ಮಕ್ಕಳಿಗೆ ಸ್ವರ್ಗ. ಲಕ್ಷ್ಮಣಪುರದ ಎರಡನೇ ಬೀಚ್‌ನಲ್ಲಿ ಕಲ್ಲಿನ ಕಮಾನು ಇದೆ, ಅಲ್ಲಿಗೆ ಇಳಿತದಲ್ಲೇ ಹೋಗಬೇಕು. ನಾವು ಹೋದ ದಿನ ಇಳಿತ ಬೆಳಗ್ಗೆ ಆರೂವರೆ ಹೊತ್ತಿಗೆ ಇತ್ತು. ಕಲ್ಲಿನ ಗುಂಡಿಗಳಲ್ಲಿ ಉಳಿದ ನೀರಿನಲ್ಲಿ ಮೀನು, ಸಮುದ್ರ ಸೌತೆ (ಸೌತೆಕಾಯಿಯಂಥ ಮೆತ್ತನೆಯ ಜೀವಿ) ಎಲ್ಲ ನೋಡಿದೆವು. ಮೊದಲ ದಿನ ನಮ್ಮನ್ನು ಪೇಚಿಗೆ ಸಿಕ್ಕಿಸಿದ ಇಳಿತವೇ ಇಲ್ಲಿ ಬೇಕಾಯಿತು ನೋಡಿ. ಹಿಡಿತ ಇರುವ ಚಪ್ಪಲಿ ಹಾಕ್ಕೊಂಡು ಹೋಗಿ, ಪಾಚಿ ಜಾರುತ್ತದೆ.

ಇನ್ನು ಸಣ್ಣಪುಟ್ಟದ್ದು. ಕೈಯಲ್ಲಿ ನಗದು ಇರಲಿ, ನೆಟ್‌ವರ್ಕ್ ಬರುತ್ತದೆ ಹೋಗುತ್ತದೆ. ಮರಳಿನಲ್ಲಿ ಕಚ್ಚುವ ಸಣ್ಣ ನೊಣಗಳಿವೆ, ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಹವಾಮಾನ ಕೆಟ್ಟರೆ ಹಡಗು ರದ್ದಾಗುತ್ತದೆ. ಆದ್ದರಿಂದ ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರ್‌ಗೆ ವಾಪಸ್ ಬಂದಿರಿ. ಸಮಯ ಮಿಕ್ಕಿದರೆ ಊರ ಪಕ್ಕದಲ್ಲೇ ಕಾರ್ಬಿನ್ಸ್ ಕೋವ್ ಬೀಚ್ ಇದೆ, ಆಟೋದಲ್ಲಿ ಹೋಗಿ ಬರಬಹುದು.